ಹುಣಸೆ ಮರಕ್ಕೆ ತಡೆ, ಕೃಷಿ ಹೊಂಡಕ್ಕಿಲ್ಲ ಬೇಲಿ: ಮಕ್ಕಳ ಸಾಹಸದ ಆಟದಲ್ಲಿ ನಾವು ತಪ್ಪಿರುವ ಲೆಕ್ಕ

ಪಾರ್ಕಿನಲ್ಲಿ ಮಕ್ಕಳು ಜಾರುವ ಪ್ಲಾಸ್ಟಿಕ್ ಸಲಕರಣೆಗೂ ನಾವು ಜಾರುಬಂಡೆ ಎಂದೇ ಅನ್ನುತ್ತೇವೆ. ಆ ಹೆಸರು ಬಂದದ್ದು ನಿಜವಾದ ಬಂಡೆಯಿಂದ. ಮಧುಗಿರಿ, ಗುಡಿಬಂಡೆ, ಕೋಲಾರದ ಅಂತರಗಂಗೆಯ ಸುತ್ತಮುತ್ತ ಎಲ್ಲಿ ನೋಡಿದರೂ ಬಂಡೆ. ಕೂತು ಜಾರಲು ಹದವಾದ ಒಂದು ಇಳಿಜಾರು ಅಲ್ಲೆಲ್ಲೋ ಇದ್ದೇ ಇರುತ್ತಿತ್ತು. ಸೊಪ್ಪಿನ ಕೊಂಬೆಯೊಂದನ್ನು ಅಡಿಗೆ ಹಾಕಿಕೊಂಡರೆ ಮುಗಿಯಿತು. ಊರ ಮುಂದಿನ ಹುಣಸೆ ಮರದಲ್ಲಿ ಮರಕೋತಿ ಆಟ. ಒಬ್ಬ ಕಾಲಡಿಯಿಂದ ಕೋಲನ್ನು ದೂರಕ್ಕೆ ಎಸೆಯುತ್ತಾನೆ, ಕಳ್ಳನಾದವನು ಅದನ್ನು ತಂದು ಗೆರೆಯೊಳಗೆ ಇಡುವಷ್ಟರಲ್ಲಿ ಮಿಕ್ಕವರು ಮರದ ಮೇಲಿರಬೇಕು, ಆಮೇಲೆ ಅವನ ಕೈಗೆ ಸಿಗದೆ ಇಳಿದು ಬಂದು ಕೋಲು ಮುಟ್ಟಬೇಕು. ಎತ್ತರ, ವೇಗ, ಸಿಕ್ಕಿಬೀಳುವ ದಿಗಿಲು, ಎಲ್ಲವೂ ಒಂದೇ ಆಟದಲ್ಲಿ.

ಇವತ್ತು ಶಾಲೆಯ ಅಂಗಳದಲ್ಲಿ ಹುಡುಗನೊಬ್ಬ ಮರಕ್ಕೆ ಕೈ ಹಚ್ಚಿದರೆ ನಾಲ್ಕು ಕಡೆಯಿಂದ "ಇಳಿಯೋ ಕೆಳಗೆ" ಎಂಬ ಕೂಗು ಏಳುತ್ತದೆ. ಅದೇ ಊರಿನ ಅಂಚಿನಲ್ಲಿ ಹತ್ತು ಅಡಿ ಆಳದ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡ ಬೇಲಿಯಿಲ್ಲದೆ ಬಾಯ್ತೆರೆದು ಬಿದ್ದಿರುತ್ತದೆ. ಅದರ ಬಗ್ಗೆ ಯಾರೂ ದನಿ ಎತ್ತುವುದಿಲ್ಲ. ಮಕ್ಕಳ ಸುರಕ್ಷತೆಯ ವಿಚಾರದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಲೆಕ್ಕ ತಲೆಕೆಳಗಾಗಿರುವುದು ಇಲ್ಲೇ. ಮಗು ತನ್ನ ಕಣ್ಣಿನಿಂದ ಅಳೆಯಬಲ್ಲ ಅಪಾಯವನ್ನು ನಿಷೇಧಿಸಿದ್ದೇವೆ, ಅದು ಅಳೆಯಲಾರದ ಅಪಾಯವನ್ನು ಹಾಗೇ ಬಿಟ್ಟಿದ್ದೇವೆ.

ಕಾಣುವ ಅಪಾಯ, ಕಾಣದ ಅಪಾಯ

ಮರದ ಎತ್ತರ ಮಗುವಿಗೆ ಕಾಣುತ್ತದೆ. ಎರಡನೇ ಕೊಂಬೆಗೆ ಹೋದಾಗ ಎದೆ ಬಡಿತ ಏರುತ್ತದೆ, ಕೈ ಬಿಗಿಯಾಗುತ್ತದೆ, ಇನ್ನು ಸಾಕು ಎಂದು ಮೈಯೇ ಹೇಳುತ್ತದೆ. ಇದು ಕಾಣುವ ಅಪಾಯ. ಒಳಗೆ ಗೆದ್ದಲು ತಿಂದು ಟೊಳ್ಳಾದ ಕೊಂಬೆ, ಎಲೆಗಳ ಮರೆಯಲ್ಲಿ ಹಾದುಹೋದ ಕರೆಂಟಿನ ತಂತಿ, ತುಕ್ಕು ಹಿಡಿದು ಸವೆದ ಉಯ್ಯಾಲೆಯ ಕೊಂಡಿ, ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಜೆಸಿಬಿ ತೋಡಿದ ಗುಂಡಿ, ಇವು ಕಾಣದ ಅಪಾಯಗಳು. ಇವುಗಳಿಂದ ಮಗು ಏನೂ ಕಲಿಯುವುದಿಲ್ಲ, ಏಕೆಂದರೆ ಎಚ್ಚರಿಕೆಯೇ ಸಿಗುವುದಿಲ್ಲ. ಮೊದಲನೆಯದನ್ನು ಮಗುವಿಗೆ ಬಿಡಬೇಕು, ಎರಡನೆಯದನ್ನು ದೊಡ್ಡವರು ಹುಡುಕಿ ತೆಗೆಯಬೇಕು. ಕೆಲಸದ ಹಂಚಿಕೆ ಇಷ್ಟೇ.

ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳ ಸಾಹಸದ ಆಟವನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಸಲಕರಣೆ, ನೀರು–ಬೆಂಕಿಯಂಥ ಅಪಾಯದ ವಸ್ತು, ಕುಸ್ತಿಯಂಥ ಮೈಕೈ ಆಟ, ದೊಡ್ಡವರ ಕಣ್ಣು ತಪ್ಪಿಸಿ ಒಬ್ಬರೇ ಅಲೆಯುವುದು. ಮರಕೋತಿ, ಟೈರ್ ಓಡಿಸುವುದು, ಕುಡುಗೋಲು, ಕೆರೆ, ಕಬಡ್ಡಿ, ಕಣ್ಣಾಮುಚ್ಚಾಲೆ. ನಮ್ಮ ಹಳ್ಳಿಗಳಲ್ಲಿ ಈ ಆರೂ ಹೆಸರಿಲ್ಲದೆಯೇ ಇದ್ದವು. 2015ರಲ್ಲಿ ಕೆನಡಾದ ಮರಿಯಾನಾ ಬ್ರುಸೋನಿ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಂಥ ಆಟದಿಂದ ಮಕ್ಕಳ ಮೈಚಟುವಟಿಕೆಗೂ ಒಡನಾಟಕ್ಕೂ ಒಟ್ಟಾರೆ ಒಳಿತೇ ಕಂಡಿತು. 2024ರಲ್ಲಿ ಕೆನಡಾದ ಮಕ್ಕಳ ವೈದ್ಯರ ಸಂಘವೇ ಹೊರಾಂಗಣದ ಸಾಹಸದ ಆಟವನ್ನು ಬೆಂಬಲಿಸಿ ಹೇಳಿಕೆ ಹೊರಡಿಸಿತು. ಗಾಯಗೊಂಡ ಮಕ್ಕಳನ್ನು ದಿನವೂ ನೋಡುವವರೇ ಹೀಗೆ ಹೇಳಿರುವುದರಿಂದ ಆ ಮಾತಿಗೆ ತೂಕವಿದೆ.

ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಂತು. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡಿದ್ದವರಲ್ಲಿ 18ರ ವಯಸ್ಸಿಗೆ ಎತ್ತರದ ಭಯ ಹೆಚ್ಚಿರಲಿಲ್ಲ, ಬದಲಿಗೆ ಕಡಿಮೆಯಿತ್ತು. ಬಿದ್ದರೆ ಜೀವನಪೂರ್ತಿ ಹೆದರುತ್ತಾರೆ ಎಂಬ ನಮ್ಮ ನಂಬಿಕೆಗೆ ಇದು ಹೊಂದುವುದಿಲ್ಲ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಈ ಸಂಶೋಧನೆಗಳು ಹೆಚ್ಚಾಗಿ ನಡೆದದ್ದು ಬೋರ್‌ವೆಲ್ ಬಾಯಿ ತೆರೆದಿರದ, ಹೊಂಡಗಳಿಗೆ ಬೇಲಿಯಿರುವ ದೇಶಗಳಲ್ಲಿ. ಅಲ್ಲಿನ "ಬಿಟ್ಟುಬಿಡಿ" ಎಂಬ ಸಲಹೆಯನ್ನು ಹಾಗೇ ತಂದು ಶಿಡ್ಲಘಟ್ಟದ ಹೊಲದಲ್ಲೋ ಕೊರಟಗೆರೆಯ ಗುಡ್ಡದಲ್ಲೋ ಇಡಲಾಗದು. ಇಲ್ಲಿ ಮೊದಲ ಕೆಲಸ ಬೇರೆಯಿದೆ.

ಮೊದಲು ನೀರು

ಕೃಷಿ ಹೊಂಡವನ್ನೇ ಹತ್ತಿರದಿಂದ ನೋಡೋಣ. ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿಸುವ ಹೊಂಡ 10×10 ಮೀಟರ್‌ನಿಂದ 21×21 ಮೀಟರ್‌ವರೆಗೆ ಇರುತ್ತದೆ, ಆಳ ಸಾಮಾನ್ಯವಾಗಿ 3 ಮೀಟರ್. ನೀರು ಇಂಗದಂತೆ ಒಳಗೆ ದಪ್ಪ ಪಾಲಿಥೀನ್ ಹಾಳೆ ಹೊದಿಸುತ್ತಾರೆ. ಕೆಲವೇ ತಿಂಗಳಲ್ಲಿ ನೀರಿನ ಮಟ್ಟದ ಕೆಳಗೆ ಹಾಳೆಯ ಮೇಲೆ ತೆಳುವಾದ ಪಾಚಿ ಕಟ್ಟುತ್ತದೆ. ಕೈ ತೊಳೆಯಲು, ಬಿದ್ದ ಚೆಂಡು ತೆಗೆಯಲು, ಕಪ್ಪೆ ಹಿಡಿಯಲು ಮಗು ಅಂಚಿಗೆ ಬಂದು ಒಂದು ಕಾಲು ಇಳಿಜಾರಿಗಿಡುತ್ತದೆ. ಮಣ್ಣಿನ ದಂಡೆಯಾದರೆ ಬೆರಳು ಊರಬಹುದು, ಹುಲ್ಲು ಹಿಡಿಯಬಹುದು. ಇಲ್ಲಿ ಹಿಡಿಯಲು ಏನೂ ಇಲ್ಲ. ಒದ್ದೆ ಅಂಗಾಲು ಹಾಳೆಯ ಮೇಲೆ ಜಾರುತ್ತದೆ, ಹತ್ತಲು ಯತ್ನಿಸಿದಷ್ಟೂ ಮೈ ಕೆಳಗೇ ಹೋಗುತ್ತದೆ. ಈಜು ಬಲ್ಲ ದೊಡ್ಡವರೂ ಇಲ್ಲಿ ಸುಸ್ತಾಗಿ ಮುಳುಗುತ್ತಾರೆ. ಎರಡನೆಯವನು ಮೊದಲನೆಯವನನ್ನು ಎಳೆಯಲು ಹೋಗಿ ತಾನೂ ಜಾರುತ್ತಾನೆ. ಹೊಂಡಗಳಲ್ಲಿ ಅಣ್ಣ-ತಮ್ಮ, ತಾಯಿ-ಮಗು ಜೊತೆಯಾಗಿ ಸಾಯುವುದರ ಹಿಂದಿನ ಕಾರಣ ಇದೇ. ಅರ್ಧ ತುಂಬಿದ ಹೊಂಡ ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು, ಏರಬೇಕಾದ ಜಾರು ಹಾಳೆ ಅಷ್ಟೂ ಉದ್ದ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ದನಕ್ಕೆಂದು ಎಳೆದ ಮೂರು ಸಾಲಿನ ಮುಳ್ಳುತಂತಿ ಮಗುವನ್ನು ತಡೆಯುವುದಿಲ್ಲ, ಅದು ತಂತಿಗಳ ನಡುವೆ ನುಸುಳುತ್ತದೆ. ಕನಿಷ್ಠ 4 ಅಡಿ, ಸಾಧ್ಯವಾದರೆ 5 ಅಡಿ ಎತ್ತರದ ಜಾಲರಿ ಬೇಕು. ಎಲ್ಲೂ 4 ಇಂಚಿಗಿಂತ ದೊಡ್ಡ ಸಂದು ಇರಬಾರದು, ಜಾಲರಿಯ ತಳಕ್ಕೂ ನೆಲಕ್ಕೂ ನಡುವೆ ಸಹ. ಗೇಟಿನ ಚಿಲಕ ದೊಡ್ಡವರ ಎದೆಯ ಮಟ್ಟದಲ್ಲಿರಲಿ. ಕೃಷಿಭಾಗ್ಯದಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನವಿದೆ. ರೈತ ಸಂಪರ್ಕ ಕೇಂದ್ರದಲ್ಲಿ ಹೊಂಡಕ್ಕೆ ಅರ್ಜಿ ಹಾಕುವಾಗಲೇ ಅದನ್ನೂ ಕೇಳಬೇಕು.

ಬೇಲಿ ಹಾಕುವವರೆಗೂ ಹಾಕಿದ ಮೇಲೂ ನಾಲ್ಕು ಕಡೆ ಹಗ್ಗ ಇರಬೇಕು. 3 ಮೀಟರ್ ಆಳದ, 45 ಡಿಗ್ರಿ ಇಳಿಜಾರಿನ ಹೊಂಡದಲ್ಲಿ ಅಂಚಿನಿಂದ ತಳಕ್ಕೆ ಇಳಿಜಾರಿನ ಉದ್ದ ಸುಮಾರು 14 ಅಡಿ. ಕಟ್ಟಲು, ಗಂಟಿಗೆ ಸೇರಿ ಒಂದೊಂದಕ್ಕೆ 20 ಅಡಿ ಹಗ್ಗ ಹಿಡಿಯುತ್ತದೆ. ಹೆಬ್ಬೆರಳ ದಪ್ಪದ ನೈಲಾನ್ ಹಗ್ಗ ತೆಗೆದುಕೊಂಡು ಅಡಿಗೊಂದು ಗಂಟು ಹಾಕಿ. ಗಂಟಿಲ್ಲದ ಒದ್ದೆ ನೈಲಾನ್ ಕೈಯಿಂದ ಜಾರಿ ಹೋಗುತ್ತದೆ. ಮೇಲ್ತುದಿಯನ್ನು ಬೇಲಿ ಕಂಬಕ್ಕಲ್ಲ, ನೆಲಕ್ಕೆ ಎರಡಡಿ ಹೂತ ಕಲ್ಲುಕಂಬಕ್ಕೋ ಕಬ್ಬಿಣದ ಪೈಪಿಗೋ ಬಿಗಿಯಬೇಕು. ಹಗ್ಗಕ್ಕೆ ಹಳೆಯ ಬೈಕ್ ಟೈರುಗಳನ್ನು ಸಾಲಾಗಿ ಕಟ್ಟಿ ಇಳಿಬಿಟ್ಟರೆ ಅದೇ ಏಣಿ. ಪಕ್ಕದಲ್ಲಿ ಮುಚ್ಚಳ ಬಿಗಿದ 20 ಲೀಟರ್ ಖಾಲಿ ಕ್ಯಾನಿಗೆ 30 ಅಡಿ ಹಗ್ಗ ಕಟ್ಟಿ ನೇತುಹಾಕಿ. ಮಕ್ಕಳಿಗೆ ಒಂದೇ ಪಾಠ: ಯಾರಾದರೂ ಬಿದ್ದರೆ ನೀರಿಗೆ ಇಳಿಯಬೇಡ, ಕೂಗು, ಕ್ಯಾನ್ ಎಸೆ, ಇಲ್ಲವೇ ದಂಡೆಯ ಮೇಲೆ ಬೋರಲು ಮಲಗಿ ಕೋಲನ್ನೋ ಟವಲ್ಲನ್ನೋ ಚಾಚು. ಹೇಳಿ ಬಿಟ್ಟರೆ ಸಾಲದು. ನೆಲದ ಮೇಲೆ ಗೆರೆ ಎಳೆದು ಅದನ್ನೇ ಹೊಂಡವೆಂದುಕೊಂಡು ಹತ್ತು ಸಲ ಆಡಿಸಬೇಕು.

ಕೆರೆಗಳದ್ದು ಇನ್ನೊಂದು ಕತೆ. ಕೋಲಾರದಲ್ಲಿ ವರ್ಷಗಟ್ಟಲೆ ಬತ್ತಿದ್ದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂತು. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿಯದು. ಕೆರೆ ಒಣಗಿದ್ದ ಕಾಲದಲ್ಲಿ ಹೂಳು, ಮಣ್ಣು ಬೇಕಾದಂತೆ ಎತ್ತಿದ್ದರಿಂದ ತಳದಲ್ಲಿ ಗೋಡೆಯಂತೆ ನೆಟ್ಟಗಿರುವ ಗುಂಡಿಗಳು ಉಳಿದಿವೆ. ಈಗ ಮೇಲೆ ಸಮನಾದ ನೀರು. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆಗೆ ತಳವೇ ಇಲ್ಲ. ಜೊತೆಗೆ ಕೆರೆ, ಬಾವಿ ಎರಡೂ ಬತ್ತಿದ್ದ ಆ ವರ್ಷಗಳಲ್ಲಿ ಬೆಳೆದವರಿಗೆ ಈಜು ಬರುವುದಿಲ್ಲ. ಸೊಂಟಕ್ಕೆ ಬೆಂಡು ಕಟ್ಟಿ ಮೆಟ್ಟಿಲು ಬಾವಿಗೆ ಇಳಿಸುತ್ತಿದ್ದ ತಲೆಮಾರು ಕಲಿಸುವುದನ್ನು ನಿಲ್ಲಿಸಿತು, ಏಕೆಂದರೆ ಬಾವಿಯಲ್ಲಿ ನೀರೇ ಇರಲಿಲ್ಲ. ನೀರು ಮರಳಿ ಬಂತು, ಈಜು ಮರಳಲಿಲ್ಲ. ಹಾಗೆಂದು ಈ ಕೆರೆಗಳಲ್ಲಿ ಈಜು ಕಲಿಸುವಂತಿಲ್ಲ, ಅದು ಅಂತರ್ಜಲ ಮರುಪೂರಣಕ್ಕೆ ಬಿಟ್ಟ ಕೊಳಚೆ ಸಂಸ್ಕರಿಸಿದ ನೀರು. ತಾಲ್ಲೂಕು ಕೇಂದ್ರದಲ್ಲಿ ಈಜುಕೊಳವಿದ್ದರೆ ಬೇಸಿಗೆ ರಜೆಯಲ್ಲಿ ಶಾಲೆಯಿಂದಲೇ ಕರೆದೊಯ್ಯುವುದು ಒಳ್ಳೆಯ ದಾರಿ. ನೀರಿನ ವಿಷಯದಲ್ಲಿ ಮಾತ್ರ "ಮಗು ತಾನೇ ಅಳೆಯಲಿ" ಎಂಬ ಮಾತೇ ಇಲ್ಲ. ಈಜು ಬಲ್ಲ ದೊಡ್ಡವರೊಬ್ಬರು ಫೋನ್ ಬದಿಗಿಟ್ಟು ದಂಡೆಯಲ್ಲಿರಲೇಬೇಕು. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ.

ಕೈಬಿಟ್ಟ ಕಲ್ಲುಕ್ವಾರಿಯ ನೀರೂ ಇದೇ ಜಾತಿ, ಇನ್ನೂ ಆಳ. ಕೊಳವೆಬಾವಿಯ ಬಗ್ಗೆ 2010ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕೊರೆಯುವಾಗ ಸುತ್ತ ಬೇಲಿ, ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ವೆಲ್ಡ್ ಮಾಡಿದ ಉಕ್ಕಿನ ತಟ್ಟೆ ಅಥವಾ ಬೋಲ್ಟ್ ಹಾಕಿದ ಗಟ್ಟಿ ಮುಚ್ಚಳ, ನೀರು ಬರದ್ದನ್ನು ಮಣ್ಣು, ಕಲ್ಲು ತುಂಬಿ ನೆಲಮಟ್ಟಕ್ಕೆ ಮುಚ್ಚುವುದು. ಗೋಣಿಚೀಲ ತುರುಕಿ ಮೇಲೊಂದು ಚಪ್ಪಡಿ ಇಟ್ಟರೆ ಅದು ಮುಚ್ಚಿದ್ದಲ್ಲ, ಬಚ್ಚಿಟ್ಟದ್ದು.

ಮರ ಹತ್ತುವುದು

ಇಷ್ಟು ಮಾಡಿದ ಊರಿನಲ್ಲಿ ಮಕ್ಕಳನ್ನು ಮರಕ್ಕೆ ಬಿಡಲು ಹೆದರಬೇಕಿಲ್ಲ. ಯಾವ ಮರ ಎಂಬುದು ಮುಖ್ಯ. ಹುಣಸೆಯ ಕೊಂಬೆ ಗಟ್ಟಿ, ಬಾಗುತ್ತದೆಯೇ ಹೊರತು ಸುಲಭಕ್ಕೆ ಮುರಿಯುವುದಿಲ್ಲ. ಕವಲುಗಳೂ ಕೆಳಗಿನಿಂದಲೇ ಒಡೆಯುತ್ತವೆ. ಸೀಬೆಯ ಕೊಂಬೆ ಸಣ್ಣದಾದರೂ ನಾರುಳ್ಳದ್ದು, ಚಿಕ್ಕ ಮಕ್ಕಳಿಗೆ ಸರಿ. ಮಾವು ಒಣಗಿದ್ದಾಗ ಚೆನ್ನ, ಮಳೆ ಬಿದ್ದ ದಿನ ತೊಗಟೆ ಜಾರುತ್ತದೆ, ಕೆಂಜಿಗದ ಗೂಡು ಇದ್ದರೆ ಕಚ್ಚಿಸಿಕೊಂಡವರು ಕೈ ಬಿಟ್ಟು ಬೀಳುತ್ತಾರೆ. ನೇರಳೆ ಮೋಸದ ಮರ, ದಪ್ಪ ಕೊಂಬೆಯೂ ಮುನ್ಸೂಚನೆಯಿಲ್ಲದೆ ಲಟಕ್ಕನೆ ಮುರಿಯುತ್ತದೆ. ಹಣ್ಣಿನ ಆಸೆಗೆ ಮಕ್ಕಳು ತುದಿಗೆ ಹೋಗುವುದೂ ಇದರಲ್ಲೇ. ನುಗ್ಗೆ, ಪರಂಗಿ ಹತ್ತುವ ಮರಗಳೇ ಅಲ್ಲ.

ದೊಡ್ಡವರು ವರ್ಷಕ್ಕೆರಡು ಸಲ ಮರ ನೋಡಬೇಕು, ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಎಲೆಯಿಲ್ಲದ, ತೊಗಟೆ ಎದ್ದ, ತಟ್ಟಿದರೆ ಡೊಳ್ಳು ಸದ್ದು ಬರುವ ಕೊಂಬೆಯನ್ನು ಕಡಿಸಬೇಕು. ಕರೆಂಟಿನ ತಂತಿ ಮರದ ಹತ್ತಿರ ಹಾದಿದ್ದರೆ ಆ ಮರ ಆಟಕ್ಕಿಲ್ಲ, ಬೆಸ್ಕಾಂಗೆ ದೂರು ಕೊಟ್ಟು ತೆರವಾಗುವವರೆಗೂ ಇಲ್ಲ. ಬುಡದ ಸುತ್ತಲಿನ ಕಲ್ಲು, ಒಡೆದ ಗಾಜು, ಕಬ್ಬಿಣದ ಗೂಟ ತೆಗೆದು ಮಣ್ಣನ್ನು ಗುದ್ದಲಿಯಿಂದ ಸಡಿಲಿಸಿದರೆ ಬಿದ್ದ ಪೆಟ್ಟು ಎಷ್ಟೋ ಕಡಿಮೆಯಾಗುತ್ತದೆ.

ಮಗುವಿಗೆ ಹೇಳಿಕೊಡಬೇಕಾದ್ದು ಸ್ವಲ್ಪವೇ. ಎರಡು ಕೈ, ಎರಡು ಕಾಲಿನಲ್ಲಿ ಯಾವಾಗಲೂ ಮೂರು ಹಿಡಿತದಲ್ಲಿರಲಿ, ಒಂದು ಮಾತ್ರ ಚಲಿಸಲಿ. ಕಾಲಿಡುವ ಕೊಂಬೆ ನಿನ್ನ ತೋಳಿಗಿಂತ ದಪ್ಪ ಇರಲಿ, ಕಾಂಡಕ್ಕೆ ಹತ್ತಿರ ಕಾಲಿಡು. ಹವಾಯಿ ಚಪ್ಪಲಿ ಬಿಡು, ಬರಿಗಾಲೇ ಮೇಲು. ಕೊರಳಲ್ಲಿ ಏನೂ ಬೇಡ. ದುಪಟ್ಟಾ, ಕೊರಳಿಗೆ ಹಾಕಿದ ಕೀಲಿ ದಾರ, ಅದಕ್ಕಿಂತ ಹೆಚ್ಚಾಗಿ ಶಾಲೆಯ ಐಡಿ ಕಾರ್ಡಿನ ಪಟ್ಟಿ. ಜಾರಿದಾಗ ಅದು ಕವಲಿಗೆ ಸಿಕ್ಕಿದರೆ ನೇಣಾಗುತ್ತದೆ. ಸೈಕಲ್ ಹೆಲ್ಮೆಟ್ಟೂ ಹಾಗೆಯೇ, ಮರ ಹತ್ತುವಾಗ ಬಿಚ್ಚಬೇಕು.

ದೊಡ್ಡವರಿಗೊಂದು ಕಟ್ಟುನಿಟ್ಟು: ಮಗುವನ್ನು ಎತ್ತಿ ಕೊಂಬೆಯ ಮೇಲೆ ಕೂರಿಸಬೇಡಿ. ತಾನೇ ಹತ್ತಿದ ಎತ್ತರದಿಂದ ಮಗು ತಾನೇ ಇಳಿಯಬಲ್ಲದು. ಎತ್ತಿ ಕೂರಿಸಿದ ಎತ್ತರದ ಅಂದಾಜು ಅದರ ಮೈಗೆ ಇರುವುದಿಲ್ಲ.

ಎಂಟು ವರ್ಷದ ಹುಡುಗಿಯೊಬ್ಬಳು ಮೂರನೇ ಕವಲಿನಲ್ಲಿ ನಿಂತಿದ್ದಾಳೆ ಎಂದುಕೊಳ್ಳಿ. ಮೇಲಿನ ಕೊಂಬೆಗೆ ಕೈ ಚಾಚುತ್ತಾಳೆ, ಬೆರಳು ತಾಗುತ್ತದೆ, ಹಿಡಿತ ಸಿಗದು. ಕಾಲ್ಬೆರಳ ಮೇಲೆ ಏಳುತ್ತಾಳೆ. ಒಂದು ಕ್ಷಣ ಕೆಳಗೆ ನೋಡುತ್ತಾಳೆ. ಹಿಂದೆ ಸರಿದು ಕೂತು, ಬೇರೆ ಕವಲು ಹುಡುಕುತ್ತಾಳೆ. ಆ ಹಿಂದೆ ಸರಿದ ಕ್ಷಣದಲ್ಲೇ ಕಲಿಕೆ ಆದದ್ದು. ಅದೇ ಹೊತ್ತಿಗೆ ಕೆಳಗಿನಿಂದ "ಹುಷಾರು, ಬಿದ್ದೀಯ!" ಎಂದು ಯಾರಾದರೂ ಕಿರುಚಿದರೆ ಅವಳು ಕೊಂಬೆ ಬಿಟ್ಟು ಕೂಗಿದವರ ಕಡೆ ನೋಡುತ್ತಾಳೆ. ಹೇಳಲೇಬೇಕಿದ್ದರೆ ಕೆಲಸಕ್ಕೆ ಬರುವ ಮಾತು ಹೇಳಿ: "ಎಡಗಾಲು ಎಲ್ಲಿಡ್ತೀಯವ್ವ?", "ಆ ಕೊಂಬೆ ಅಲ್ಲಾಡುತ್ತಾ ನೋಡು", "ಇಳಿಯೋ ದಾರಿ ಯಾವುದು?" ಮೊದಲು ಮನಸ್ಸಿನಲ್ಲಿ ಹದಿನೈದು ಎಣಿಸಿ. ಬಹಳ ಸಲ ಮಾತೇ ಬೇಕಾಗುವುದಿಲ್ಲ. ಹತ್ತು-ಹನ್ನೊಂದಕ್ಕೆ ಬಂದ ಹೆಣ್ಣುಮಕ್ಕಳನ್ನು ಮರದಿಂದ ಇಳಿಸಿಬಿಡುವುದು ನಮ್ಮಲ್ಲಿ ರೂಢಿ. ಅಪಾಯಕ್ಕೂ ಅದಕ್ಕೂ ಸಂಬಂಧವಿಲ್ಲ, ಲಂಗದ ಬದಲು ಪ್ಯಾಂಟು ಕೊಟ್ಟರೆ ಮುಗಿಯಿತು.

ಶಾಲೆಯ ಅಂಗಳ

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ. ಮೈದಾನ ಇದ್ದಲ್ಲಿ ತಪ್ಪುವುದು ನೆಲದಲ್ಲಿ. ಉಯ್ಯಾಲೆ, ಜಾರುಬಂಡೆಯ ಕೆಳಗೆ ಕಾಂಕ್ರೀಟ್ ಅಥವಾ ಪೇವರ್ ಬ್ಲಾಕ್ ಹಾಕಿಸಿ "ಅಭಿವೃದ್ಧಿ" ಎನ್ನುವುದನ್ನು ಎಲ್ಲೆಡೆ ಕಾಣುತ್ತೇವೆ. ತಲೆಗೆ ಬೀಳುವ ಗಂಭೀರ ಪೆಟ್ಟು ಎತ್ತರದ ಜೊತೆಗೆ ಬಿದ್ದ ನೆಲ ಎಷ್ಟು ಗಟ್ಟಿ ಎಂಬುದರ ಮೇಲೂ ನಿಂತಿದೆ. ಯುರೋಪಿನ ಮಾನದಂಡ 3 ಮೀಟರ್‌ವರೆಗೆ ಬೀಳುವ ಎತ್ತರವನ್ನು ಒಪ್ಪುತ್ತದೆ, ಆದರೆ ಕೆಳಗೆ ಅದಕ್ಕೆ ತಕ್ಕ ಮೆತ್ತನೆ ನೆಲ ಇದ್ದರೆ ಮಾತ್ರ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಲೆಕ್ಕದಲ್ಲಿ 9 ಇಂಚು ಮರಳು 4 ಅಡಿ ಎತ್ತರದ ಬೀಳುವಿಕೆಗೆ ಸಾಕು, 9 ಇಂಚು ಮರದ ಚಕ್ಕೆ 10 ಅಡಿಯವರೆಗೆ. ಸಡಿಲ ವಸ್ತು ತುಳಿದು ತುಳಿದು ಕಾಲು ಭಾಗ ಕುಗ್ಗುತ್ತದೆ, ಆದ್ದರಿಂದ 12 ಇಂಚು ತುಂಬಿದರೆ 9 ಉಳಿಯುತ್ತದೆ. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಬೇಡ, ಅದರ ಚೂಪು ಕಣ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ನಮ್ಮ ಕಡೆ ನೀಲಗಿರಿ ತೋಪುಗಳಿಗೆ ಕೊರತೆಯಿಲ್ಲ. ಅದರ ಚಕ್ಕೆ ಅಗ್ಗವಾಗಿ ಸಿಗುತ್ತದೆ. ಸುತ್ತ 6 ಅಡಿವರೆಗೆ ಹರಡಿ, ಚದುರಿದ್ದನ್ನು ವಾರಕ್ಕೊಮ್ಮೆ ಎಳೆದು ಮತ್ತೆ ಸೇರಿಸಬೇಕು. ಉಯ್ಯಾಲೆ, ಜಾರುಬಂಡೆಯ ತುದಿಯಲ್ಲಿ ಕಾಲು ತಾಗಿ ತಾಗಿ ಕುಳಿ ಬೀಳುವುದು ಮೊದಲು.

ಉಯ್ಯಾಲೆಗೆ ಮರದ ಹಲಗೆ, ಕಬ್ಬಿಣದ ಪಟ್ಟಿ ಬೇಡ. ಖಾಲಿ ಹಲಗೆ ಹಿಂದಿರುಗಿ ಬಂದು ಚಿಕ್ಕ ಮಗುವಿನ ಹಣೆಗೆ ಬಡಿಯುತ್ತದೆ. ಟೈರ್ ಒಳ್ಳೆಯದು, ಆದರೆ ಸವೆದ ರೇಡಿಯಲ್ ಟೈರಿನಿಂದ ಉಕ್ಕಿನ ಎಳೆ ಹೊರಚಾಚಿ ಚುಚ್ಚುತ್ತದೆ. ನೈಲಾನ್ ಟೈರ್ ಆಯ್ದುಕೊಳ್ಳಿ. ತಳಕ್ಕೆ ನಾಲ್ಕೈದು ರಂಧ್ರ ಕೊರೆಯಲೇಬೇಕು, ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ಕಟ್ಟುವ ಕೊಂಬೆ 8 ಇಂಚಿನಷ್ಟು ದಪ್ಪವಿರಲಿ, ಹಗ್ಗ ಉಜ್ಜುವಲ್ಲಿ ಹಳೆಯ ಟ್ಯೂಬ್ ಸುತ್ತಿ. ಕೊಂಬೆ 8 ಅಡಿ ಎತ್ತರದಲ್ಲಿದ್ದರೆ ಮುಂದೆ 16, ಹಿಂದೆ 16 ಅಡಿ ಖಾಲಿ ಬಿಡಬೇಕು. ಏಣಿ, ಕಟಕಟೆಗಳಲ್ಲಿ ಮೂರೂವರೆಯಿಂದ 9 ಇಂಚಿನ ಸಂದು ಅಪಾಯದ್ದು, ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಕಿರಿದಾಗಿರಬೇಕು ಇಲ್ಲವೇ ಅಗಲವಾಗಿರಬೇಕು. ತಗಡಿನ ಜಾರುಬಂಡೆ ಏಪ್ರಿಲ್ ಬಿಸಿಲಲ್ಲಿ ತೊಡೆ ಸುಡುತ್ತದೆ, ನೆರಳಿಗೆ ಸರಿಸಿ.

ಶಿಕ್ಷಕರ ಭಯ ನ್ಯಾಯವಾದದ್ದು. ಕೈ ಮುರಿದರೆ ಪ್ರಶ್ನೆ ಬರುವುದು ಅವರಿಗೇ. ಬ್ರಿಟನ್ನಿನ ಸುರಕ್ಷತಾ ಇಲಾಖೆ 2012ರಲ್ಲಿ ಒಂದು ನಿಲುವು ತೆಗೆದುಕೊಂಡಿತು: ಆಟದಲ್ಲಿ ಅಪಾಯವನ್ನು ಸೊನ್ನೆ ಮಾಡುವುದು ಗುರಿಯಲ್ಲ, ಲಾಭ ಮತ್ತು ಅಪಾಯ ಎರಡನ್ನೂ ತೂಗಿ ನಿರ್ಧರಿಸುವುದು ಗುರಿ. ಇಲ್ಲಿ ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಉಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಹಾಳೆ ಬರೆದಿಡಬಹುದು. ಯಾವ ಮರ, ಎಷ್ಟು ಎತ್ತರದವರೆಗೆ, ಮಳೆಯ ದಿನ ಬೇಡ, ಯಾವ ದಿನ ಯಾರು ಪರೀಕ್ಷಿಸಿದರು, ಮಕ್ಕಳಿಗೆ ಇದರಿಂದೇನು ಉಪಯೋಗ. ಕೆಳಗೆ ಪೋಷಕರ ಸಹಿ. ಹೊಣೆ ಒಬ್ಬರ ತಲೆಯಿಂದ ಊರಿನ ಹೆಗಲಿಗೆ ಬರುತ್ತದೆ.

ಬಂಡೆಯ ಬಗ್ಗೆ ಎರಡು ಮಾತು. ಒಣಗಿದ ಕಗ್ಗಲ್ಲು ಬರಿಗಾಲನ್ನು ಹಿಡಿಯುತ್ತದೆ, ಪಾಚಿಯ ಕಪ್ಪು ಪಟ್ಟೆ ಮಳೆ ಬಿದ್ದರೆ ಸಾಬೂನು. ಹಪ್ಪಳದಂತೆ ಎದ್ದ ಪದರದ ಮೇಲೆ ಭಾರ ಹಾಕಬಾರದು. ಹತ್ತುವುದು ಸುಲಭ, ಇಳಿಯುವುದು ಕಷ್ಟ, ಹಾಗಾಗಿ ನಾಲ್ಕು ಹೆಜ್ಜೆ ಹತ್ತಿ ನಾಲ್ಕು ಹೆಜ್ಜೆ ಇಳಿದು ನೋಡಿ ಮುಂದೆ ಹೋಗಲಿ. ಹೆಜ್ಜೇನು ಕಟ್ಟಿರುವ ಬಂಡೆಯ ಹತ್ತಿರ ಕಲ್ಲೆಸೆತ, ಹೊಗೆ ಕೂಡದು. ದೇವರಾಯನದುರ್ಗದ ಆಸುಪಾಸು, ಗುಬ್ಬಿ–ಕುಣಿಗಲ್ ಕಡೆ ಚಿರತೆ ಓಡಾಟವಿದೆ, ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು.

ಬಿದ್ದಾಗ

ಕೆಲವರು ಬೀಳುತ್ತಾರೆ. ಹೆಚ್ಚಿನ ಸಲ ತರಚು, ಕೆಲವೊಮ್ಮೆ ಮುಂಗೈ ಮೂಳೆ. ತಲೆಗೆ ಪೆಟ್ಟು ಬಿದ್ದ ಮಗು ಎರಡು-ಮೂರು ಸಲ ವಾಂತಿ ಮಾಡಿಕೊಂಡರೆ, ಮಂಪರು ಹತ್ತಿದರೆ, ಮಾತು ತೊದಲಿದರೆ, ಕಿವಿ–ಮೂಗಿನಿಂದ ರಕ್ತವೋ ತಿಳಿನೀರೋ ಬಂದರೆ ಕಾಯಬಾರದು, 108ಕ್ಕೆ ಕರೆ ಮಾಡಿ. ಕುತ್ತಿಗೆ ನೋವೆಂದರೆ ಎತ್ತಿ ಕೂರಿಸಬೇಡಿ.

ಮರದಿಂದ ಬಿದ್ದ ಮಕ್ಕಳಲ್ಲಿ ಅತಿ ಎಚ್ಚರ ಬೇಕಾದದ್ದು ಮೊಣಕೈಗೆ. ಕೈಯೂರಿ ಬಿದ್ದಾಗ ಮೊಣಕೈಯ ಮೇಲ್ಗಡೆ ಮೂಳೆ ಮುರಿಯುತ್ತದೆ, ರಕ್ತನಾಳ ಅದರ ಪಕ್ಕದಲ್ಲೇ ಹಾದಿರುತ್ತದೆ. ಊದಿದ ಮೊಣಕೈಯನ್ನು ನೀವಿಸಿ, ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿದರೆ ರಕ್ತ ನಿಂತು ಮುಂಗೈ ಸ್ನಾಯುಗಳು ಸತ್ತು ಬೆರಳು ಶಾಶ್ವತವಾಗಿ ಮುದುಡುತ್ತವೆ. ನಾಟಿ ಕಟ್ಟಿನ ಮೇಲೆ ಈ ಭಾಗದಲ್ಲಿ ಅಪಾರ ನಂಬಿಕೆಯಿದೆ, ಆದರೆ ಮೊಣಕೈಗೆ ಮಾತ್ರ ಅಲ್ಲಿಗೆ ಹೋಗಬೇಡಿ. ಕೈ ಹೇಗಿದೆಯೋ ಹಾಗೇ ಟವಲ್ಲಿನಿಂದ ಕೊರಳಿಗೆ ತೂಗುಹಾಕಿ, ಊಟ–ನೀರು ಕೊಡದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲಿ ಬೆರಳುಗಳನ್ನು ನೋಡುತ್ತಿರಿ. ತಣ್ಣಗಾದರೆ, ನೀಲಿಗಟ್ಟಿದರೆ, ಬೆರಳನ್ನು ನೇರ ಮಾಡಲು ಹೋದಾಗ ಮಗು ಚೀರಿದರೆ ಆಸ್ಪತ್ರೆಯ ಬಾಗಿಲಲ್ಲೇ ಮೊದಲು ಅದನ್ನು ಹೇಳಿ.